ಕಿಟಕಿ ಪಕ್ಕದ ಹಾಸಿಗೆ

ಮಲ್ಲಟ
9 ಜುಲೈ 2024

ತಂಗಿ ಹುಮೇರಾ,

ನಾನು ನಿವೃತ್ತಳಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಏಳು ವರ್ಷ ಆಯಿತು. ಕೆಲಸ ಬಿದ್ದಾಗ ನೆನೆಸಿದಳು ಎಂದುಕೊಂಡರೂ ಅಡ್ಡಿಯಿಲ್ಲ, ಕೆಲಸವೇ ಬಿದ್ದಿದೆ.

ಶಿವಗಂಗಾ ನಿಮ್ಮ ಆಸ್ಪತ್ರೆಗೆ ಬಂದಿದ್ದಾಳೆ. ನೆನಪಿದ್ದಾಳಲ್ಲ? ನೀನು ಹೊಸ ನರ್ಸಾಗಿ ಮಾನ್ವಿಗೆ ಬಂದಾಗ ನನ್ನ ಕ್ವಾರ್ಟರ್ಸಿನ ಬಾಗಿಲಲ್ಲಿ ಸ್ಲೇಟು ಹಿಡಿದು ಕೂತಿರುತ್ತಿದ್ದ ಹುಡುಗಿ. ನನ್ನ ತಂಗಿಯ ಮಗಳು. ತಾಯಿ ತೀರಿಹೋದ ಮೇಲೆ ನಾನೇ ಬೆಳೆಸಿದವಳು. ಈಗ ದೇವದುರ್ಗದಲ್ಲಿ ಶಾಲೆಯ ಟೀಚರು. ಗಂಡ ಕೊಟ್ರೇಶ ಬಸ್ ಕಂಡಕ್ಟರು. ಈ ಪತ್ರ ತಂದುಕೊಟ್ಟವನು ಅವನೇ.

ಜೂನ್ 27ರಂದು ದೇವದುರ್ಗದಲ್ಲಿ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಎಂಟನೇ ದಿನಕ್ಕೆ ಹೊಲಿಗೆಯ ಬಾಯಿಂದ ಕೀವು ಬರಲು ಶುರುವಾಯಿತು. ಅಲ್ಲಿ ಮೂರು ದಿನ ಡ್ರೆಸ್ಸಿಂಗ್ ಮಾಡಿ, ನಿನ್ನೆ ರಾಯಚೂರಿಗೆ ಕಳಿಸಿದರು. ಕೂಸನ್ನು ಆಸ್ಪತ್ರೆಯ ಗಾಳಿಗೆ ಒಯ್ಯುವುದು ಬೇಡವೆಂದು ನಾನೇ ಹಟ ಹಿಡಿದು ಮಲ್ಲಟಕ್ಕೆ ತಂದಿಟ್ಟುಕೊಂಡಿದ್ದೇನೆ. ಹಾಗಾಗಿ ನನಗೆ ಬರಲಾಗುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಡಬ್ಬಿಯೊಳಗೆ ಹುಳ ಗುಂಯ್‌ಗುಟ್ಟಿದ ಹಾಗೆ ಸದ್ದು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತೇನೆ. ಪ್ರಾಯದಲ್ಲಿ ಕ್ಷಯ ಬಂದಾಗ ತೊಂಬತ್ತು ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡಿದ್ದೆ. ಎದೆ ಉಳಿಯಿತು, ಕಿವಿ ಆಗಿನಿಂದ ಸವೆಯುತ್ತ ಬಂದು ಈಗ ಹೋಯಿತು. ಮೊಬೈಲಿನಲ್ಲಿ ಬರೆದು ಕಳಿಸಿರಿ ಎಂದು ಕೊಟ್ರೇಶ ಹೇಳುತ್ತಾನೆ. ಆ ಗಾಜಿನ ಮೇಲೆ ನಾನು ಒಂದು ಅಕ್ಷರ ಒತ್ತಿದರೆ ಇನ್ನೊಂದು ಮೂಡುತ್ತದೆ. ಪೆನ್ನಾದರೆ ನನ್ನ ಮಾತು ಕೇಳುತ್ತದೆ.

ನೀನು ಅಲ್ಲಿ ಸೋಂಕು ತಡೆಯುವ ನರ್ಸು ಎಂದು ಕೇಳಿದ್ದೇನೆ. ಅಂಥ ಹುದ್ದೆ ಇದೆ ಎಂಬುದೇ ನನಗೆ ಹೊಸದು. ನಮ್ಮ ಕಾಲದಲ್ಲಿ ಅದು ಎಲ್ಲರ ಕೆಲಸವಾಗಿತ್ತು. ಒಮ್ಮೆ ಹೋಗಿ ಗಾಯ ನೋಡು. ಕೀವಿನ ಬಣ್ಣ, ವಾಸನೆ ಬರೆ. ಡ್ರೆಸ್ಸಿಂಗ್ ಮಾಡುವವರು ಕೈ ತೊಳೆಯುತ್ತಾರೋ ಇಲ್ಲವೋ ನಿಂತು ನೋಡು. ಗ್ಲೌಸು ಹಾಕಿಕೊಂಡ ಕೂಡಲೇ ಕೈ ಶುದ್ಧವಾಯಿತು ಎಂದು ತಿಳಿಯುವ ಮಂದಿ ಬಹಳ.

ಚನ್ನಮಲ್ಲಮ್ಮ


ರಾಯಚೂರು
12 ಜುಲೈ 2024

ಅಕ್ಕಾವರಿಗೆ ಹುಮೇರಾಳ ಸಲಾಮು,

ನಿಮ್ಮ ಅಕ್ಷರ ನೋಡಿದ ಕೂಡಲೇ ನಾನು ಎದ್ದು ನಿಂತೆ. ಕೊಟ್ರೇಶಣ್ಣ ನಕ್ಕರು. ಮಾನ್ವಿಯಲ್ಲಿ ಕತ್ತರಿಗಳನ್ನು ಇಪ್ಪತ್ತು ನಿಮಿಷದ ಬದಲು ಹದಿನೈದು ನಿಮಿಷ ಕುದಿಸಿ ತೆಗೆದದ್ದಕ್ಕೆ ನೀವು ಇಡೀ ತಟ್ಟೆಯನ್ನು ಮತ್ತೆ ನೀರಿಗೆ ಹಾಕಿಸಿದ್ದು ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ.

ಗಾಯ ನೋಡಿದೆ. ಎಡತುದಿಯಲ್ಲಿ ಎರಡು ಬೆರಳಿನಷ್ಟು ಬಿಟ್ಟುಕೊಂಡಿದೆ. ಕೀವು ದಪ್ಪ, ಹಳದಿ, ಕೆಟ್ಟ ವಾಸನೆ ಇಲ್ಲ. ಡಾಕ್ಟರ್ ಬಸವಪ್ರಸಾದ ಅವರು ಹೊಲಿಗೆ ಬಿಚ್ಚಿ ತೊಳೆದಿದ್ದಾರೆ. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದ್ದೇವೆ. ಯಾವ ಸೂಕ್ಷ್ಮಜೀವಿ ಬೆಳೆಯುತ್ತದೆ, ಯಾವ ಔಷಧಕ್ಕೆ ಸಾಯುತ್ತದೆ ಎಂಬುದು ಮೂರು ದಿನದಲ್ಲಿ ತಿಳಿಯುತ್ತದೆ.

ನೀವು ಹೇಳಿದ ಹಾಗೆ ನಿಂತು ನೋಡುವುದೇ ನನ್ನ ಕೆಲಸ ಅಕ್ಕಾವರೆ. ಕೈಯಲ್ಲಿ ಹಾಳೆ ಹಿಡಿದು ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ ಎಂದು ಗೆರೆ ಎಳೆಯುತ್ತೇನೆ. ನಾನು ವಾರ್ಡಿಗೆ ಕಾಲಿಟ್ಟರೆ ಸಾಕು, ಎಲ್ಲರೂ ಗೋಡೆಯ ಸ್ಯಾನಿಟೈಸರ್ ಬಾಟಲಿ ಒತ್ತಿ ಕೈ ಉಜ್ಜತೊಡಗುತ್ತಾರೆ. ನಾನು ಹೊರಬಿದ್ದ ಮೇಲೆ ಏನಾಗುತ್ತದೆ ಎಂಬುದು ಹಾಳೆಯಲ್ಲಿ ಬರುವುದಿಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ. ಶಿವಗಂಗಾಳನ್ನು ವಾರ್ಡಿನ ನಡುವೆ ಹಾಕಿದ್ದರು, ಸೆಕೆ, ಗದ್ದಲ. ನಾನು ಹೇಳಿ ಕಿಟಕಿ ಪಕ್ಕದ ಹಾಸಿಗೆ ಕೊಡಿಸಿದೆ. ಗಾಳಿ ಬರುತ್ತದೆ, ಹೊರಗೆ ಬೇವಿನ ಮರ ಕಾಣುತ್ತದೆ. ಅವಳಿಗೆ ಬಹಳ ಖುಷಿಯಾಯಿತು.

"ದೊಡ್ಡವ್ವಗ ಹೇಳ್ರಿ ಸಿಸ್ಟರ್, ಕೂಸಿನ ಉಗುರು ತಗೀಲಿ. ಮಾರಿ ಗೀರಿಕೊಂತದ" ಎಂದಳು. ಅದೊಂದೇ ಚಿಂತೆ ಅವಳಿಗೆ.

ನಿಮ್ಮ
ಹುಮೇರಾ

ಡಾಕ್ಟರು ಕೇಳಿದರು: ಬಸುರಿದ್ದಾಗ ಶಿವಗಂಗಾ ಯಾವುದಾದರೂ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಳೇ? ಅವಳಿಗೆ ಸರಿಯಾಗಿ ಗೊತ್ತಿಲ್ಲವಂತೆ. ನಿಮಗೆ ಗೊತ್ತಿದ್ದರೆ ಬರೆಯಿರಿ.


ಮಲ್ಲಟ
15 ಜುಲೈ 2024

ಹುಮೇರಾ,

ಉಗುರು ತೆಗೆದೆ. ಎರಡು ಕೈಯ ಉಗುರು ತೆಗೆಯಲು ಎರಡು ಹಗಲು ಹಿಡಿಯಿತು. ಮಲಗಿದಾಗ ಮಾತ್ರ ಕೈ ಬಿಚ್ಚುತ್ತದೆ. ಬಾಟಲಿಯನ್ನು ಪ್ರತಿ ಸಲ ಕುದಿಸಿಯೇ ಹಾಲು ಹಾಕುತ್ತೇನೆ. ಪಕ್ಕದ ಮನೆಯ ಹಂಪಮ್ಮ, "ಸಿಸ್ಟರಮ್ಮ, ಕೂಸಿಗೆ ಹಾಲು ಕುಡಸ್ತೀರೋ ಏನ್ ಆಪರೇಷನ್ ಮಾಡ್ತೀರೋ?" ಎಂದು ಹಾಸ್ಯ ಮಾಡುತ್ತಾಳೆ.

ನೀನು ಗೋಡೆಯ ಬಾಟಲಿಯ ಮಾತು ಬರೆದದ್ದು ಓದಿ ನಮ್ಮ ಕಾಲದ್ದೆಲ್ಲ ನೆನಪಾಯಿತು. ಸೀಮೆಎಣ್ಣೆ ಸ್ಟವ್ ಮೇಲೆ ಗಾಜಿನ ಸಿರಿಂಜು ಕುದಿಸುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆದು ಮತ್ತೆ ಕುದಿಸುತ್ತಿದ್ದೆವು. ಒಂದೇ ಗ್ಲೌಸನ್ನು ತೊಳೆದು, ಒಣಗಿಸಿ, ಪೌಡರ್ ಹಚ್ಚಿ, ತೂತು ಬಿದ್ದಿದೆಯೋ ಎಂದು ಗಾಳಿ ಊದಿ ನೋಡುತ್ತಿದ್ದೆವು. ಶನಿವಾರ ಆಪರೇಷನ್ ಕೋಣೆಯ ಕಿಟಕಿ ಸಂದಿಗೆಲ್ಲ ಕಾಗದ ಅಂಟಿಸಿ ಫಾರ್ಮಲಿನ್ ಹೊಗೆ ಹಾಕಿದರೆ ಸೋಮವಾರ ಒಳಗೆ ಕಾಲಿಟ್ಟವರ ಕಣ್ಣಲ್ಲಿ ನೀರು. ಅಷ್ಟಾದರೂ ನಮ್ಮಲ್ಲಿ ಕೀವು ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆಗುತ್ತಿತ್ತು. ಆದರೆ ಒಂದು ಪೆನ್ಸಿಲಿನ್ ಚುಚ್ಚಿದರೆ ಮೂರನೇ ದಿನ ಒಣಗುತ್ತಿತ್ತು. ಆಗ ಅದು ದೇವರ ಹೆಸರಿನ ಹಾಗೆ ಕೆಲಸ ಮಾಡುತ್ತಿತ್ತು.

ಡಾಕ್ಟರು ಕೇಳಿದ್ದಕ್ಕೆ: ಬಸುರಿನಲ್ಲಿ ಅವಳು ಅಂಥದ್ದೇನೂ ತೆಗೆದುಕೊಂಡಿಲ್ಲ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಅಷ್ಟೇ.

ಕಿಟಕಿ ಪಕ್ಕದ ಹಾಸಿಗೆ ಕೊಡಿಸಿದ್ದು ಒಳ್ಳೆಯದಾಯಿತು. ನಿನ್ನ ಉಪಕಾರ ಮರೆಯುವುದಿಲ್ಲ.

ಚನ್ನಮಲ್ಲಮ್ಮ


ರಾಯಚೂರು
19 ಜುಲೈ 2024

ಅಕ್ಕಾವರೆ,

ಒಳ್ಳೆಯ ಸುದ್ದಿ ಮೊದಲು. ಕೀವಿನ ವರದಿ ಬಂತು. ಎಲ್ಲರ ಚರ್ಮದ ಮೇಲೂ ಇರುವ ಸಾಮಾನ್ಯ ಜೀವಿ. ಆರು ಔಷಧಕ್ಕೆ ಬಗ್ಗುತ್ತದೆ. ಅದರಲ್ಲಿ ಒಂದನ್ನು ಶುರು ಮಾಡಿ ಐದು ದಿನವಾಯಿತು, ಜ್ವರ ಬಿಟ್ಟಿದೆ. ಗಾಯದ ತಳ ಕೆಂಪಗೆ, ಚೊಕ್ಕವಾಗಿ ಕಾಣುತ್ತಿದೆ. ಮುಂದಿನ ವಾರ ಮತ್ತೆ ಹೊಲಿಗೆ ಹಾಕಿ ಮನೆಗೆ ಕಳಿಸೋಣ ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನೆ ಅವಳೇ ಎದ್ದು ಸಿಂಕಿನವರೆಗೆ ನಡೆದು ಮುಖ ತೊಳೆದುಕೊಂಡಳು. ತಲೆ ಬಾಚಿಸಿಕೊಂಡಳು. ಎದುರು ಹಾಸಿಗೆಯ ಹೀರಾಬಿ ಎಂಬ ಅಜ್ಜಿಗೆ ಕನ್ನಡ ಪೇಪರ್ ಓದಿ ಹೇಳುತ್ತಾಳೆ. "ಟೀಚರಮ್ಮ ಹೋದ್ರ ನಮಗ್ ಸುದ್ದಿ ಹೇಳೋರ್ ಯಾರು?" ಎಂದು ಆ ಅಜ್ಜಿಗೆ ಈಗಲೇ ಬೇಸರ.

ಇಲ್ಲಿ ತಪಾಸಣೆಯ ಗಡಿಬಿಡಿ. ಆಸ್ಪತ್ರೆಗೆ ಒಳ್ಳೆಯ ದರ್ಜೆ ಕೊಡುವ ತಂಡ ಬರಲಿದೆ. ಗೋಡೆಗೆ ಬಣ್ಣ, ಬಾಗಿಲಿಗೆ ಹೊಸ ಫಲಕ. ಎರಡು ತಿಂಗಳಿನ ರಿಜಿಸ್ಟರುಗಳನ್ನು ನಾನು ನೋಡಿ ಸರಿಮಾಡಬೇಕು. ಪತ್ರ ಚಿಕ್ಕದಾಯಿತು, ಕ್ಷಮಿಸಿ.

ಹುಮೇರಾ


ಮಲ್ಲಟ
22 ಜುಲೈ 2024

ತಂಗಿ,

ನಿನ್ನ ಪತ್ರವನ್ನು ಹಂಪಮ್ಮನಿಗೂ ಓದಿ ಹೇಳಿದೆ. ಅವಳು ಎದ್ದು ಹೋಗಿ ತೊಟ್ಟಿಲು ತೊಳೆದಳು. ಬರುವ ತಿಂಗಳು ಹತ್ತರ ಮೇಲೆ ದಿನ ಚೆನ್ನಾಗಿದೆಯಂತೆ, ಹೆಸರಿಡುವ ಕಾರ್ಯ ಇಟ್ಟುಕೊಳ್ಳೋಣ ಎಂದು ಕೊಟ್ರೇಶನಿಗೆ ಹೇಳಿದ್ದೇನೆ. ನೀನು ಬರಲೇಬೇಕು.

ಕೂಸಿಗೆ ತಾಯಿಯದೇ ಹಣೆ. ನಕ್ಕಂತೆ ಮಾಡುತ್ತದೆ. ಅದು ಹೊಟ್ಟೆಯ ಗಾಳಿಯೆಂದು ನರ್ಸಾಗಿ ನನಗೆ ಗೊತ್ತು. ಆದರೂ ನಕ್ಕಿತೆಂದೇ ಎಲ್ಲರಿಗೂ ಹೇಳಿಕೊಂಡು ಬಂದೆ.

ಚನ್ನಮಲ್ಲಮ್ಮ


ರಾಯಚೂರು
30 ಜುಲೈ 2024

ಅಕ್ಕಾವರೆ,

ಮನೆಗೆ ಕಳಿಸುವುದು ಸ್ವಲ್ಪ ತಡವಾಗುತ್ತದೆ. ಶುಕ್ರವಾರದಿಂದ ಜ್ವರ ಬಂದಿದೆ. ಹೆಚ್ಚು ಗಮನ ಕೊಡಲು ಅನುಕೂಲವಾಗಲಿ ಎಂದು ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದಾರೆ. ರಕ್ತ ಪರೀಕ್ಷೆಗೆ ಹೋಗಿದೆ. ಹೆದರಬೇಡಿ.

ಹೆಸರಿಡುವ ದಿನ ಸದ್ಯ ಗೊತ್ತು ಮಾಡಬೇಡಿ.

ಹುಮೇರಾ


ಮಲ್ಲಟ
1 ಆಗಸ್ಟ್ 2024

ಹುಮೇರಾ,

ನಿನ್ನ ಪತ್ರ ಏಳು ಸಾಲು. ಒಂದು ಸಾಲಿನಲ್ಲೂ ನೀನಿಲ್ಲ. ಹೆದರಬೇಡಿ ಎಂದು ನಾವು ಯಾರಿಗೆ ಹೇಳುತ್ತಿದ್ದೆವು ಎಂಬುದು ನನಗೂ ಗೊತ್ತು, ನಿನಗೂ ಗೊತ್ತು.

ಕೊಟ್ರೇಶನನ್ನು ಕೇಳಿದೆ. ಅವನು ಮುಖ ಆಚೆ ತಿರುಗಿಸಿ ಮಾತಾಡಿದ, ತುಟಿ ಕಾಣಲಿಲ್ಲ. ಎರಡು ದಿನ ಯೋಚಿಸಿದೆ. ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ಶಿವಗಂಗಾ ಬಾಯಿಬಿಟ್ಟಿರಬೇಕು. ನನ್ನ ಸುಳ್ಳು ನಿನಗೆ ತಿಳಿದಿರಬೇಕು. ಹಾಗಿದ್ದರೆ ನಾನೇ ಹೇಳುತ್ತೇನೆ.

ಬಸುರಿನಲ್ಲಿ ಅವಳಿಗೆ ಮೂರು ಸಲ ಉರಿಮೂತ್ರ ಆಯಿತು. ಮೂರೂ ಸಲ ಹಂಪಮ್ಮನ ಫೋನಿಗೆ ಮಾಡಿ ನನಗೇ ಹೇಳಿ ಕಳಿಸಿದಳು. ದೇವದುರ್ಗದಲ್ಲಿ ತೋರಿಸು, ಮೂತ್ರ ಪರೀಕ್ಷೆ ಮಾಡಿಸು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಲವತ್ತು ವರ್ಷ ನರ್ಸಾಗಿದ್ದವಳು ಉರಿಮೂತ್ರಕ್ಕೆ ಡಾಕ್ಟರನ್ನು ಕೇಳಬೇಕೇ ಎಂಬ ಸೊಕ್ಕು. ಕವಿತಾಳದ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸಿ ಬಸ್ಸಿನಲ್ಲಿ ಕಳಿಸಿದೆ. ಎರಡನೇ ಸಲ ಮೊದಲಿನದಕ್ಕಿಂತ ಜೋರಿನದು. ಮೂರನೇ ಸಲ ಅದಕ್ಕಿಂತ ಜೋರಿನದು. ಉರಿ ನಿಂತ ದಿನ ಗುಳಿಗೆ ನಿಲ್ಲಿಸು, ಬಸುರಿನಲ್ಲಿ ಹೆಚ್ಚು ಬೇಡ ಎಂದವಳೂ ನಾನೇ. ಪ್ರತಿ ಸಲ ಮೂರೇ ದಿನ.

ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಊರೂರು ಸುತ್ತಿ ಕ್ಷಯದ ರೋಗಿಗಳಿಗೆ ಬೈದವಳು ನಾನು.

ನಿನಗೆ ಸುಳ್ಳು ಬರೆದದ್ದು ನಾಚಿಕೆಯಿಂದ. ನೀನು ನನ್ನನ್ನು ಕಂಡು ಎದ್ದು ನಿಲ್ಲುವವಳಲ್ಲವೇ! ಈಗ ಹೇಳು. ರಕ್ತದ ವರದಿ ಏನು ಬಂತು? ನನ್ನಿಂದಲೇ ಆಯಿತೇ?

ಚನ್ನಮಲ್ಲಮ್ಮ


ರಾಯಚೂರು
5 ಆಗಸ್ಟ್ 2024

ಅಕ್ಕಾವರೆ,

ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ. ಶಿವಗಂಗಾ ಏನೂ ಹೇಳಿರಲಿಲ್ಲ.

ರಕ್ತದ ವರದಿ ಬಂದಿದೆ. ಕ್ಲೆಬ್ಸಿಯೆಲ್ಲಾ ಎಂಬ ಜೀವಿ. ಹದಿನಾರು ಔಷಧ ಹಾಕಿ ನೋಡಿದ್ದಾರೆ. ಹದಿನೈದಕ್ಕೆ ಅದು ಜಗ್ಗಿಲ್ಲ. ವರದಿಯ ಹಾಳೆಯಲ್ಲಿ ಒಂದರ ಕೆಳಗೊಂದು ಅದೇ R ಅಕ್ಷರ, ಜಗ್ಗದು ಎಂಬ ಗುರುತು. ಉಳಿದದ್ದು ಕೊಲಿಸ್ಟಿನ್ ಎಂಬ ಒಂದೇ ಔಷಧ. ಮೂತ್ರಪಿಂಡ ಕೆಡಿಸುತ್ತದೆಂದು ಎಷ್ಟೋ ವರ್ಷದ ಹಿಂದೆ ಬಳಸುವುದನ್ನೇ ಬಿಟ್ಟಿದ್ದರಂತೆ. ಬೇರೆ ದಾರಿ ಇಲ್ಲದೆ ಈಗ ಅದನ್ನೇ ಮತ್ತೆ ಹೊರಗೆ ತೆಗೆದಿದ್ದಾರೆ. ಮೂರು ದಿನದಿಂದ ಕೊಡುತ್ತಿದ್ದಾರೆ.

ನೀವು ಕತ್ತರಿ ಕುದಿಸುವುದನ್ನು ಕಲಿಸಿದಿರಿ. ಗ್ಲೌಸು, ಬಟ್ಟೆ, ಬಟ್ಟಲು ಎಲ್ಲವನ್ನೂ ಕುದಿಸಬಹುದು. ರಕ್ತವನ್ನು ಕುದಿಸಲು ಬರುವುದಿಲ್ಲ ಅಕ್ಕಾವರೆ. ಹೊರಗಿನದನ್ನು ಕೊಲ್ಲಲು ನನ್ನ ಹತ್ತಿರ ಕಪಾಟು ತುಂಬ ಬಾಟಲಿಗಳಿವೆ. ಒಳಗೆ ಹೋದದ್ದರ ಮುಂದೆ ನಾನು ಕೈ ಕಟ್ಟಿ ನಿಂತಿದ್ದೇನೆ.

ನೀವು ಕೇಳಿದ್ದಕ್ಕೆ: ಹಾಗೆ ಅರ್ಧರ್ಧ ತೆಗೆದುಕೊಂಡ ಗುಳಿಗೆಗಳಿಂದಲೂ ಇಂಥ ಜೀವಿಗಳು ಬಲಿಯುತ್ತವೆ ಎಂದು ಪುಸ್ತಕದಲ್ಲಿದೆ. ಇದೇ ಕಾರಣ ಎಂದು ಹೇಳಲಾಗದು. ಅಲ್ಲ ಎಂದೂ ಹೇಳಲಾಗದು.

ಶಿವಗಂಗಾಗೆ ಪ್ರಜ್ಞೆ ಇದೆ. ಕೂಸಿನ ಫೋಟೋ ತೋರಿಸಿದೆ.

ಹುಮೇರಾ


ಮಲ್ಲಟ
8 ಆಗಸ್ಟ್ 2024

ಹುಮೇರಾ,

ಅಲ್ಲ ಎಂದೂ ಹೇಳಲಾಗದು ಎಂದು ಬರೆದಿದ್ದೀಯ. ಅಷ್ಟು ಸಾಕು.

ಮನೆಯಲ್ಲಿದ್ದ ಗುಳಿಗೆಯ ಡಬ್ಬಿಯನ್ನು ಕೆಳಗೆ ಸುರುವಿ ನೋಡಿದೆ. ಯಾರ್ಯಾರಿಗೋ ಕೊಟ್ಟು ಮಿಕ್ಕಿದ ತುಂಡು ಸ್ಟ್ರಿಪ್ಪುಗಳು. ಎರಡು ಗುಳಿಗೆಯದು, ಮೂರರದು, ಒಂದರದು. ಈ ಊರಿನಲ್ಲಿ ನೆಗಡಿಯಾದವರು, ಕೆಮ್ಮಾದವರು, ಭೇದಿಯಾದವರು ಎಲ್ಲರೂ ಬರುತ್ತಾರೆ. "ಸಿಸ್ಟರಮ್ಮನ ಕೈಗುಣ ಭಾಳ ಚಲೋ ಅದ" ಎನ್ನುತ್ತಾರೆ. ಅದನ್ನು ಕೇಳಿ ಏಳು ವರ್ಷ ಉಬ್ಬಿದ್ದೇನೆ.

ಈ ಹೊತ್ತು ನಮ್ಮ ಓಣಿಯ ದೊಡ್ಡಪ್ಪ ಮಾಸ್ತರ ಸೊಸೆ ಕೆಮ್ಮಿಗೆ ಗುಳಿಗೆ ಕೇಳಲು ಬಂದಳು. ಬಾಗಿಲು ಹಾಕಿಕೊಂಡೆ. ಅವಳು ಹೊರಗೆ ನಿಂತು ಏನೆಂದಳೋ, ನನಗೆ ಕೇಳಿಸುವುದಿಲ್ಲವಲ್ಲ.

ಕೂಸನ್ನು ಹಂಪಮ್ಮ ಎತ್ತಿಕೊಂಡಿದ್ದಾಳೆ. ಮುಟ್ಟಲು ನನಗೆ ಕೈ ಬರುತ್ತಿಲ್ಲ. ಅದರ ಹಣೆ ನೋಡಲಾಗುತ್ತಿಲ್ಲ.

ನನಗೆ ಇನ್ನು ಬರೆಯಬೇಡ. ಕೊಟ್ರೇಶನಿಗೆ ಹೇಳು, ಸಾಕು.

ಚನ್ನಮಲ್ಲಮ್ಮ


ರಾಯಚೂರು
17 ಆಗಸ್ಟ್ 2024

ಅಕ್ಕಾವರೆ,

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ನೀವು ನನ್ನ ಹೆಸರು ಎತ್ತದಿದ್ದರೂ ಸರಿ.

ನಿಮ್ಮ ಗುಳಿಗೆಗಳಿಂದ ಇದು ಆಗಿಲ್ಲ. ಅದು ಐದನೇ ತಾರೀಖೇ ನನಗೆ ಗೊತ್ತಿತ್ತು.

ಶಿವಗಂಗಾ ಇಲ್ಲಿಗೆ ಬರುವಾಗ ಅವಳ ಮೈಯಲ್ಲಿದ್ದದ್ದು ಬೇರೆ ಜೀವಿ. ಅದು ಸತ್ತಿತ್ತು, ಗಾಯ ಮಾಯುತ್ತಿತ್ತು. ಎರಡನೆಯದು ಅವಳಿಗೆ ನಮ್ಮ ವಾರ್ಡಿನಲ್ಲೇ ತಗುಲಿತು. ನಾನು ಕೊಡಿಸಿದ ಕಿಟಕಿ ಪಕ್ಕದ ಹಾಸಿಗೆ ಇದೆಯಲ್ಲ, ಅದರಿಂದ ನಾಲ್ಕು ಅಡಿಗೆ ಕೈ ತೊಳೆಯುವ ಸಿಂಕ್ ಇದೆ.

ಮೇ ತಿಂಗಳಲ್ಲಿ ವಾರ್ಡಿನ ಆಯಾ ಯಂಕಮ್ಮ ಬಂದು, "ಸಿಸ್ಟರ್, ಆ ಸಿಂಕಿನಾಗ ಒಂಥರಾ ವಾಸನಿ ಬರಾಕತ್ತದ್ರೀ" ಎಂದಳು. ನಾನು ಸಿಂಕಿನ ತೂತಿನೊಳಗೆ ಹತ್ತಿಕಡ್ಡಿ ಇಳಿಸಿ ಪರೀಕ್ಷೆಗೆ ಕಳಿಸಿದೆ. ಕ್ಲೆಬ್ಸಿಯೆಲ್ಲಾ ಬಂತು. ಹದಿನೈದು ಔಷಧಕ್ಕೆ ಜಗ್ಗದ್ದು. ಕೊಳವೆಯೊಳಗೆ ಲೋಳೆ ಕಟ್ಟಿಕೊಂಡು ಅದರಲ್ಲಿ ಬೆಳೆಯುತ್ತದೆ. ನಲ್ಲಿ ಬಿಟ್ಟಾಗ ನೀರಿನ ಹನಿಯ ಜೊತೆ ಮೇಲೆ ಸಿಡಿಯುತ್ತದೆ. ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ನಾನು ಎಲ್ಲರನ್ನೂ ಅಟ್ಟಿದ್ದು ಅದೇ ಸಿಂಕಿಗೆ.

ಬ್ಲೀಚಿಂಗ್ ದ್ರಾವಣ ಸುರಿಸಿದೆ. ವಾಸನೆ ಹೋಯಿತು. ಹದಿನೈದು ದಿನಕ್ಕೆ ಮತ್ತೆ ಬಂತು. ಕೊಳವೆ ಕಿತ್ತು ಬದಲಿಸಬೇಕು, ನಾಲ್ಕು ದಿನ ವಾರ್ಡು ಮುಚ್ಚಬೇಕು ಎಂದು ಆಡಳಿತದವರಿಗೆ ಬರೆದು ಕೊಟ್ಟೆ. "ತಪಾಸಣೆ ಮುಗೀಲಿ ತಡೀರಿ ಸಿಸ್ಟರ್. ಈಗ ವಾರ್ಡ್ ಮುಚ್ಚಿದ್ರ ಎಲ್ಲಾರಿಗೂ ತೊಂದ್ರಿ" ಎಂದರು. ರಿಜಿಸ್ಟರಿನಲ್ಲಿ ಸಿಂಕಿನ ವರದಿಯ ಸಾಲಿನ ಮುಂದೆ ಏನು ಬರೆಯಲಿ ಎಂದು ಕೇಳಿದೆ. "ಕ್ರಮ ಕೈಗೊಳ್ಳಲಾಗಿದೆ ಅಂತ ಬರೀರಿ." ಬರೆದೆ. ಸಹಿ ಹಾಕಿದೆ. ಬ್ಲೀಚಿಂಗ್ ಹಾಕಿದ್ದೂ ಒಂದು ಕ್ರಮವೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಹಾಗಿದ್ದರೂ ಆ ಹಾಸಿಗೆ ಯಾಕೆ ಕೊಡಿಸಿದೆ ಎಂದು ಕೇಳುತ್ತೀರಿ. ಎರಡನೇ ಸಲ ದ್ರಾವಣ ಸುರಿದ ಮೇಲೆ ವಾಸನೆ ಇರಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿರಲಿಲ್ಲ. ಕಿಟಕಿ ಕಂಡಿತು, ಮರ ಕಂಡಿತು, ನಿಮ್ಮ ಮುಖ ಕಂಡಿತು. ಸಿಂಕ್ ಕಾಣಲಿಲ್ಲ.

ಶಿವಗಂಗಾಳ ರಕ್ತದ ವರದಿಯನ್ನೂ ಮೇ ತಿಂಗಳ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನವೇ ನಿಮ್ಮ ಪತ್ರ ಬಂತು. ನನ್ನಿಂದಲೇ ಆಯಿತೇ ಎಂದು ಕೇಳಿದ್ದಿರಿ. ಅಲ್ಲ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾನು ನನ್ನ ತಪ್ಪನ್ನು ನಿಮ್ಮ ಕಡೆಗೆ ತಳ್ಳಿದೆ. ಹನ್ನೆರಡು ದಿನ ನಿಮ್ಮ ತಲೆಯ ಮೇಲೆ ಬಿಟ್ಟೆ. ಕೂಸನ್ನು ಮುಟ್ಟಲು ಕೈ ಬರುತ್ತಿಲ್ಲ ಎಂದು ನೀವು ಬರೆದದ್ದನ್ನು ಓದಿದ ಮೇಲೂ ಒಂಬತ್ತು ದಿನ ಸುಮ್ಮನಿದ್ದೆ.

ಈಗ ಅವಳ ಸ್ಥಿತಿ. ಕೊಲಿಸ್ಟಿನ್‌ಗೂ ಆ ಜೀವಿ ಪೂರ್ತಿ ಬಗ್ಗುತ್ತಿಲ್ಲ. ಮೂತ್ರ ನಿಂತಿದೆ, ಯಂತ್ರದಿಂದ ರಕ್ತ ಶುದ್ಧ ಮಾಡುತ್ತಿದ್ದಾರೆ. ಬಿಪಿ ಬೀಳುತ್ತಿದೆ. ಡಾಕ್ಟರ್ ಬಸವಪ್ರಸಾದ ಅವರು ನಿನ್ನೆ ಹೊರಗೆ ಬಂದು ನನ್ನ ಹತ್ತಿರ, "ಕೊಡಾಕ ಇನ್ನೇನೂ ಉಳಿದಿಲ್ಲ ಸಿಸ್ಟರ್" ಎಂದು ಹೇಳಿ, ಗೋಡೆಯ ಬಾಟಲಿ ಒತ್ತಿ ಬಹಳ ಹೊತ್ತು ಕೈ ಉಜ್ಜಿಕೊಳ್ಳುತ್ತ ನಿಂತರು.

ಕೂಸನ್ನು ಹಂಪಮ್ಮನ ಹತ್ತಿರ ಬಿಟ್ಟು ಈ ಬಸ್ಸಿಗೇ ಹೊರಡಿ. ಕೊಟ್ರೇಶಣ್ಣನ ಜೊತೆಗೇ ಬನ್ನಿ.

ಹುಮೇರಾ


ರಾಯಚೂರು
3 ಸೆಪ್ಟೆಂಬರ್ 2024

ಅಕ್ಕಾವರೆ,

ಶಿವಗಂಗಾ ಹೋಗಿ ಇಂದಿಗೆ ಹದಿನಾಲ್ಕು ದಿನ. ಕೊಟ್ರೇಶಣ್ಣ ಇನ್ನು ಈ ಕಡೆ ಬರುವುದಿಲ್ಲ, ಆದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ನೀವು ಘಟಕದ ಬಾಗಿಲಿಗೆ ಬಂದದ್ದನ್ನು ನಾನು ದೂರದಿಂದ ನೋಡಿದೆ. ಹತ್ತಿರ ಬರಲು ಧೈರ್ಯ ಸಾಲಲಿಲ್ಲ. ನಿಮಗೆ ನಿಲುವಂಗಿ ತೊಡಿಸಿ, ಗ್ಲೌಸು ಹಾಕಿಸಿ ಒಳಗೆ ಬಿಡಿ ಎಂದು ಬೇರೆ ಸಿಸ್ಟರಿಗೆ ಹೇಳಿ ಮೆಟ್ಟಿಲ ಹತ್ತಿರ ನಿಂತಿದ್ದೆ.

ಆದದ್ದನ್ನೆಲ್ಲ ಬರೆದು ಆಡಳಿತಕ್ಕೆ ಕೊಟ್ಟಿದ್ದೇನೆ. ಒಂದು ಪ್ರತಿ ಜಿಲ್ಲೆಯ ಆರೋಗ್ಯಾಧಿಕಾರಿಗೆ, ಒಂದು ಕೊಟ್ರೇಶಣ್ಣನಿಗೆ. ಕೊಟ್ರೇಶಣ್ಣ ಅದನ್ನು ಬಸ್ ನಿಲ್ದಾಣದಲ್ಲಿ ನಿಂತೇ ಓದಿದರು. ಓದಿ, "ಇದನ್ನ ಯಾಕ ಕೊಟ್ರಿ? ನಾ ಇದನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಾಗದ ಮಡಚಿ ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ಬಸ್ ಹತ್ತಿದರು.

ವಾರ್ಡು ಮುಚ್ಚಿ ಕೊಳವೆ ಕಿತ್ತರು. ನಾನು ನಿಂತು ನೋಡಿದೆ. ತೋಳುದ್ದದ ಕೊಳವೆ. ಒಳಗೆಲ್ಲ ಕಪ್ಪು ಲೋಳೆ, ಬೆರಳಿನಷ್ಟು ದಪ್ಪ. ಅಷ್ಟೇ. ನಾಲ್ಕು ದಿನದ ಕೆಲಸ ಎಂದು ಹೇಳಿದ್ದೆ, ಎರಡೇ ದಿನದಲ್ಲಿ ಮುಗಿಯಿತು.

ಹೀರಾಬಿ ಅಜ್ಜಿಯೂ ತೀರಿಕೊಂಡರು. ಅವರಿಗೂ ಅದೇ ವರದಿ ಬಂದಿತ್ತು. ವಯಸ್ಸಾಗಿ ಹೋದರು ಎಂದು ಅವರ ಮನೆಯವರಿಗೆ ಹೇಳಿ ಕಳಿಸಿದ್ದರು. ನಾನು ಅವರ ಮನೆ ಹುಡುಕಿಕೊಂಡು ಹೋಗಿ ಮಗನಿಗೆ ನಿಜ ಹೇಳಿ ಬಂದೆ.

ನನಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ವಿಚಾರಣೆ ಇದೆಯಂತೆ. ಯಾರ ಮೇಲೆ ಎಂದು ಇನ್ನೂ ಗೊತ್ತಿಲ್ಲ. ನಾನೊಬ್ಬಳೇ ಆಗಬಹುದು, ಸಹಿ ನನ್ನದೇ.

ಉತ್ತರ ಬೇಡುವುದಿಲ್ಲ.

ಹುಮೇರಾ


ಮಲ್ಲಟ
6 ಅಕ್ಟೋಬರ್ 2024

ಹುಮೇರಾ,

ನಿನ್ನ ಎರಡೂ ಪತ್ರಗಳನ್ನು ಓದಿಯಾಗಿದೆ. ಮೊದಲನೆಯದನ್ನು ಬಸ್ಸಿನಲ್ಲಿ ಓದಿದೆ. ಮಾನ್ವಿ ದಾಟುವವರೆಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಗಳಿಗೆ, ನಾನಲ್ಲ, ನಾನಲ್ಲ ಎಂದು ಮನಸ್ಸು ಹಗುರಾಯಿತು. ಅಲ್ಲಿ ಆ ಹುಡುಗಿ ಸಾಯುತ್ತಿರುವಾಗ ನನಗೆ ಹಗುರಾಯಿತು ನೋಡು. ಅದನ್ನು ಯಾರ ಹತ್ತಿರವೂ ಹೇಳಿಲ್ಲ, ನಿನಗೇ ಹೇಳುತ್ತಿದ್ದೇನೆ.

ಒಳಗೆ ಬಿಟ್ಟರು. ಮೈತುಂಬ ನಿಲುವಂಗಿ, ಕೈಗೆ ಗ್ಲೌಸು. ಅವಳು ಕಣ್ಣು ಬಿಟ್ಟಿದ್ದಳು. ನನ್ನ ಗುರುತು ಹಿಡಿದಳು. ಏನೋ ಹೇಳತೊಡಗಿದಳು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಬಿಗಿದಿದ್ದರು, ಅದರ ಒಳಗೆಲ್ಲ ಆವಿ ಕಟ್ಟಿತ್ತು. ತುಟಿ ಕಾಣಲಿಲ್ಲ. ಮಾಸ್ಕ್ ಸರಿಸಿದರೆ ಉಸಿರು ಬೀಳುತ್ತದೆಂದು ನನಗೆ ಗೊತ್ತು. ಸರಿಸದಿದ್ದರೆ ಮಾತು ತಿಳಿಯುವುದಿಲ್ಲ. ಎರಡು ಮೂರು ಸಲ ಹೇಳಿದಳು. ನಾನು ಹೂಂ, ಹೂಂ ಎಂದು ತಲೆ ಆಡಿಸಿದೆ. ಏನಕ್ಕೆ ಒಪ್ಪಿದೆನೋ ನನಗೆ ಗೊತ್ತಿಲ್ಲ. ಅಲ್ಲಿದ್ದ ಸಿಸ್ಟರನ್ನು ಕೇಳಿದೆ. ಆ ಹುಡುಗಿ ಪಾಪ, ಯಂತ್ರದ ಕಡೆ ನೋಡುತ್ತಿದ್ದಳಂತೆ, ಲಕ್ಷ್ಯ ಇರಲಿಲ್ಲವಂತೆ.

ನೀನು ಆ ಹೊತ್ತಿನಲ್ಲಿ ಮೆಟ್ಟಿಲ ಹತ್ತಿರ ನಿಂತಿದ್ದೆ ಎಂದು ಬರೆದಿದ್ದೀಯ. ರಿಜಿಸ್ಟರಿನ ಸಹಿಗಿಂತ ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ನೀನು ಒಳಗಿದ್ದಿದ್ದರೆ ಅವಳ ಮಾತು ಕೇಳಿ ನನಗೆ ಹೇಳುತ್ತಿದ್ದೆ. ಒಂದು ತಿಂಗಳು ಆ ಸಿಟ್ಟಿನಲ್ಲೇ ಕಳೆದೆ. ಅದು ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ನಿನಗೆ ಆಸೆ ತೋರಿಸುವುದೂ ಇಲ್ಲ.

ಈಗ ಬರೆಯುವುದಕ್ಕೆ ಕಾರಣ ಬೇರೆ. ಕೂಸಿಗೆ ನಿನ್ನೆಯಿಂದ ಜ್ವರ, ನೆಗಡಿ. ಮಾನ್ವಿಯ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಎದೆ ಚೊಕ್ಕ ಇದೆ, ಇದು ಸುಮ್ಮನೆ ನೆಗಡಿ, ಆ್ಯಂಟಿಬಯೋಟಿಕ್ ಬೇಡ, ಜ್ವರದ ಔಷಧ ಕೊಟ್ಟು ಕಾಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಉಸಿರು ನಿಮಿಷಕ್ಕೆ ಐವತ್ತು ದಾಟಿದರೆ, ಹಾಲು ಬಿಟ್ಟರೆ ಕೂಡಲೇ ಕರೆತನ್ನಿರಿ ಎಂದೂ ಬರೆದಿದ್ದಾರೆ. ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತು.

ಆದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಹಂಪಮ್ಮ ಎದುರಿಗೆ ಬಂದು ಕೂತು, "ನಿಮ್ಮ ಗುಳಿಗಿ ತಗೊಂಡು ಇಡೀ ಊರು ಆರಾಮ ಆಗ್ಯಾದ, ಈ ತಬ್ಬಲಿಗೆ ಒಂದ್ ಹನಿ ಔಷಧ ಇಲ್ಲೇನು?" ಎಂದು ಅತ್ತಳು. ಕೊಟ್ರೇಶ ಬೆಳಿಗ್ಗೆ ಕವಿತಾಳದಿಂದ ಆ್ಯಂಟಿಬಯೋಟಿಕ್ ಬಾಟಲಿ ತಂದೇ ಬಿಟ್ಟಿದ್ದಾನೆ. "ಅತ್ತಿ, ಕೈ ಮುಗೀತೀನಿ, ಕೊಡ್ರಿ. ನನ್ನ ಕೈಲಿ ಇನ್ನೊಂದು ನೋಡಾಕಾಗವಲ್ದು" ಎಂದ. ಅವನ ತುಟಿ ಈ ಸಲ ಚೆನ್ನಾಗಿ ಕಂಡಿತು. ಬಾಟಲಿ ಈಗ ನನ್ನ ಪಕ್ಕದಲ್ಲೇ ಇದೆ. ಮುಚ್ಚಳ ತೆಗೆದಿಲ್ಲ. ಎರಡು ಸಲ ಕೈಯಲ್ಲಿ ಹಿಡಿದು ಕೆಳಗಿಟ್ಟಿದ್ದೇನೆ.

ಕೊಡದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಬೆಳಿಗ್ಗೆಯಿಂದ ತೊಡೆಯ ಮೇಲೆ ಹಾಕಿಕೊಂಡು ಗಡಿಯಾರ ನೋಡುತ್ತ ಹೊಟ್ಟೆಯ ಏರಿಳಿತ ಎಣಿಸುತ್ತಿದ್ದೇನೆ. ಮಧ್ಯಾಹ್ನ ಒಂದು ಗಂಟೆಗೆ ನೋಡಿದಾಗ ನಿಮಿಷಕ್ಕೆ ನಲವತ್ತೆರಡು, ಎರಡಕ್ಕೆ ನಲವತ್ತನಾಲ್ಕು, ಈಗ ನಲವತ್ತೆರಡು. ಮೈ ಸುಡುತ್ತಿದೆ. ಹಾಲು ಕುಡಿದಿದೆ.

ನಿನಗೆ ಕೆಲಸವಿಲ್ಲವೆಂದು ಬರೆದಿದ್ದೀಯಲ್ಲ, ಬಾ. ಈ ಪತ್ರವನ್ನು ಕೊಟ್ರೇಶನೇ ನಿನ್ನ ಮನೆಗೆ ತರುತ್ತಾನೆ. ಅವನಿಗೂ ಮನಸ್ಸಿಲ್ಲ, ಆದರೂ ತರುತ್ತಾನೆ. ಬಾಗಿಲಲ್ಲಿ ನಿಂತು ಕ್ಷಮೆ ಕೇಳಬೇಡ, ನನಗೆ ಅದನ್ನು ಕೊಡಲು ಬರುವುದಿಲ್ಲ. ಹಿತ್ತಲಲ್ಲಿ ನೀರಿದೆ, ಸಾಬೂನಿದೆ. ಕೈ ತೊಳೆದು ಒಳಗೆ ಬಂದು ಕೂಸನ್ನು ಎತ್ತಿಕೊ. ನೀನು ಒಂದು ತಾಸು ಎಣಿಸು, ನಾನು ಒಂದು ತಾಸು ಎಣಿಸುತ್ತೇನೆ.

ಚನ್ನಮಲ್ಲಮ್ಮ